ನೆಟ್ಟಿನಲ್ಲಿ ಸೀರೆ ಮಾರುವ ಹುಚ್ಚೇಶ
೨೦೦೬ರಲ್ಲಿ ಇಳಕಲ್ಲಿನ ಹುಚ್ಚೇಶ ಇಂಟರ್ನೆಟ್ಟಿನಲ್ಲಿ ಸೀರೆ ಮಾರಲು ಶುರು ಮಾಡಿದ ಮೇಲೆ ಅವನು ನೆಮ್ಮದಿಯಾಗಿ ಉಂಡದ್ದನ್ನು ಹೆಂಡತಿ ಸುಮಾ ಕಂಡಿಲ್ಲ. ಸೀರೆ ಹೋಗದಿದ್ದರೆ ಒಂದು ಚಿಂತೆ, ಹೋದರೆ ಅದಕ್ಕಿಂತ ದೊಡ್ಡ ಚಿಂತೆ. ಗಿರಾಕಿಯ ಹಣವನ್ನು ಇವನ ಖಾತೆಗೆ ಮುಟ್ಟಿಸುವ ಕಂಪನಿ ಪ್ರತಿ ಸಲವೂ ತನ್ನ ಪಾಲು ಮುರಿದುಕೊಂಡೇ ಕಳಿಸುತ್ತದೆ. ಅದನ್ನು ಗಿರಾಕಿಗೆ ಬೇರೆ ಕೇಳಿದರೆ ಮೋಸಗಾರ ಅಂದಾರು, ಬೆಲೆಯಲ್ಲಿ ಸೇರಿಸಿದರೆ ತುಟ್ಟಿ ಅಂದಾರು. ಉಗುರು ಕಡಿಯುತ್ತ ಕಂಡಕಂಡವರನ್ನೆಲ್ಲ ಕೇಳುತ್ತಾನೆ. ಅಮೀನಗಡದ ಬಸ್ಸಿನ ಕಂಡಕ್ಟರನನ್ನೂ ಬಿಟ್ಟಿಲ್ಲ. "ಟಿಕೆಟ್ ಹರಿದ ಮ್ಯಾಲೆ ನಾ ಡೀಸೆಲ್ ರೊಕ್ಕ ಬ್ಯಾರೆ ಕೇಳ್ತೇನೇನ್ರಿ? ಮೊದಲ ದರದಾಗ ಹಾಕಿಬಿಡ್ರಿ!" ಎಂದು ಕಂಡಕ್ಟರ ಗದರಿದ. ಆದರೂ ಹುಚ್ಚೇಶ ಧೈರ್ಯ ಸಾಲದೆ, ಪುಣೆಯ ಟೀಚರೊಬ್ಬರು ಬೆಲೆ ಒಪ್ಪಿದ ಮೇಲೆ, ಕಂಪನಿಯ ಪಾಲು ಬೇರೆ ಕೊಡಿರೆಂದು ಬರೆದ. ಅವರು ಸೀರೆಯೇ ಬೇಡವೆಂದರು. ಅದೇ ಸಂಜೆ ಆ ಸೀರೆ ನೇಯ್ದ ತಾಯವ್ವ ಕೂಲಿಗೆಂದು ಬಂದು ಬಾಗಿಲಲ್ಲೇ ನಿಂತಳು. "ಆ ಕಂಪನಿ ನನ್ನ ಕೂಲಿಯಾಗೂ ಮುರಕೊಂತೈತೇನೋ ತಮ್ಮಾ?" ಎಂದಳು. "ಇಲ್ಲಬೇ ಯವ್ವಾ, ಅದು ಬರೇ ನನ್ನ ಪಾಲಿನಾಗ ಮುರಕೊಂತೈತಿ," ಎಂದು ಹುಚ್ಚೇಶ ಪೂರಾ ಕೂಲಿ ಕೊಟ್ಟು ಕಳಿಸಿದ. ಸುಮಾ ಬೆರಗಾಗಿ, "ಸೀರಿನ ಹೋಗಿಲ್ಲಲ್ರಿ, ಆಕಿಗ್ಯಾಕ ಹೇಳಲಿಲ್ಲ?" ಎಂದು ಕೇಳಿದಳು. "ಆಕಿ ನಿದ್ದಿನೂ ಯಾಕ ಕೆಡಿಸ್ಲಿ?" ಎಂದವನೇ ಸೈಬರ್ ಕೆಫೆಗೆ ನಡೆದ. ಕಂಪನಿಯ ಪಾಲನ್ನು ಬೆಲೆಯಲ್ಲೇ ಸೇರಿಸಿ ಬರೆದು, ಆ ಸೀರೆಯನ್ನು ಮತ್ತೆ ನೆಟ್ಟಿಗೆ ಹಾಕಲು ಬೆವರಿದ ಬೆರಳಿನಿಂದ ಗುಂಡಿ ಒತ್ತಿದ.