‘ದಯವಿಟ್ಟು’ ಎಂಬಲ್ಲಿ ಕೆಂಪು ಗೀಟು

ಬೆಳಗಿನ ಆರೂಕಾಲು. ನ್ಯಾಯಾಲಯದ ಹಿಂಬಾಗಿಲ ಮೆಟ್ಟಿಲಿಗೆ ಇನ್ನೂ ಪೊರಕೆ ತಾಗಿಲ್ಲ. ಅರ್ಜಿ ಟೈಪು ಮಾಡಿಕೊಡುವ ಟೈಪಕ್ಕ ಆಗಲೇ ಮಡಚುವ ಮೇಜನ್ನು ಬಿಡಿಸಿ, ಅದರ ಕುಂಟು ಕಾಲಿನಡಿ ಹಳೆಯ ಪಾಸ್‌ಬುಕ್ಕೊಂದನ್ನು ಸಿಕ್ಕಿಸುತ್ತಿದ್ದಾರೆ. “ಬ್ಯಾಂಕಿಂದ ಆದ ಉಪಕಾರ ಇದೊಂದೇ” ಎನ್ನುತ್ತಾರೆ, ನಗದೆ.

ಸಣ್ಣ ಮೊತ್ತದ ದಾವೆಗಳಿಗೆಂದೇ ಇಲ್ಲೊಂದು ಕಿಟಕಿಯಿದೆ. ವಕೀಲರು ಬೇಕಿಲ್ಲ, ಒಂದು ಅರ್ಜಿ ಸಾಕು ಎಂದು ಫಲಕ ಹೇಳುತ್ತದೆ. ಕಿಟಕಿಯೊಳಗಿನ ಗುಮಾಸ್ತರು ಹಾಗೆ ಹೇಳುವುದಿಲ್ಲ. ಅಂಚು ಬಿಟ್ಟಿಲ್ಲ, ಮೂರನೇ ಪ್ರತಿ ಎಲ್ಲಿ, ನಾಳೆ ಬನ್ನಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹೀಗೆ ಬರಿಗೈಲಿ ತಿರುಗಿದವರೆಲ್ಲ ಬಂದು ನಿಲ್ಲುವುದು ಟೈಪಕ್ಕನ ಮೇಜಿನ ಮುಂದೆ. ದಿನಕ್ಕೆ ಆರೇಳು ಅರ್ಜಿ. ಟೈಪು ಮಾಡಿದ ಕೂಲಿಯಷ್ಟೇ ಅವರ ಗಳಿಕೆ.

ಹನ್ನೆರಡು ವರ್ಷದ ಹಿಂದೆ ಇದೇ ಸಾಲಿನಲ್ಲಿ ಅವರೂ ನಿಂತಿದ್ದರು. “ಖಾತೇಲಿ ದುಡ್ಡು ಕಮ್ಮಿ ಅಂತ ದಂಡ ಹಾಕಿದ್ರು. ದಂಡ ಕಳೆದ ಮೇಲೆ ದುಡ್ಡು ಇನ್ನೂ ಕಮ್ಮಿ ಆಯ್ತು, ಅದಕ್ಕೊಂದು ದಂಡ. ದಂಡ ಹಾಕಿದೀವಿ ಅಂತ ಪತ್ರ ಬರೆದ್ರಲ್ಲ, ಆ ಪತ್ರಕ್ಕೂ ದುಡ್ಡು.” ಅದು ಗಂಡನ ಔಷಧಿಗೆಂದು ಇಟ್ಟ ಹಣ. ವಾಪಸು ಪಡೆಯಲು ಒಂಬತ್ತು ಸಲ ಅಲೆದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಟೈಪಿನ ಕೀಲಿಗಳ ಮೇಲೆ ಬೆರಳು ಬೀಳುವ ರಭಸದಲ್ಲೇ ಅದು ಕೇಳುತ್ತದೆ.

ಅವರದೊಂದು ಕಟ್ಟುನಿಟ್ಟು ಇದೆ. ಯಾರೇ ಅರ್ಜಿ ಬರೆದು ತಂದರೂ ಮೊದಲು ಕೆಂಪು ಪೆನ್ಸಿಲ್ ಹಿಡಿದು ‘ದಯವಿಟ್ಟು’ ಎಂದಿರುವಲ್ಲೆಲ್ಲ ಗೀಟು ಎಳೆಯುತ್ತಾರೆ. ಇಸ್ತ್ರಿ ಅಂಗಡಿಯ ಹೆಂಗಸು ತಂದ ಒಂದೇ ಹಾಳೆಯಲ್ಲಿ ಅದು ಹನ್ನೊಂದು ಕಡೆ ಇತ್ತು. “ನಿನ್ನ ದುಡ್ಡು ನೀನು ಕೇಳೋಕೆ ಅವರ ದಯೆ ಯಾಕಮ್ಮಾ?” ಎಂದು ಗದರಿದ್ದರಂತೆ.

ಇವತ್ತು ಆ ಹೆಂಗಸಿನ ವಿಚಾರಣೆ. ಹದಿನಾಲ್ಕು ತಿಂಗಳು ಬ್ಯಾಂಕು ದಂಡವೆಂದು ಕತ್ತರಿಸಿಕೊಂಡ ಹಣ ಬಂದರೆ, ಸುಟ್ಟುಹೋದ ಇಸ್ತ್ರಿಪೆಟ್ಟಿಗೆಯ ಬದಲು ಹೊಸದು ಕೊಳ್ಳಬಹುದು. ಎರಡು ತಿಂಗಳಿಂದ ಪಕ್ಕದ ಅಂಗಡಿಯ ಪೆಟ್ಟಿಗೆ ಎರವಲು ತಂದು ಕೆಲಸ, ಅದೂ ಆ ಅಂಗಡಿಯವರು ಮಧ್ಯಾಹ್ನ ಮಲಗಿದಾಗ.

ಹತ್ತು ಗಂಟೆಗೆ ಬ್ಯಾಂಕಿನವರು ಮೊಗಸಾಲೆಯಲ್ಲೇ ಎದುರಾಗುತ್ತಾರೆ. ಎಂದಿನ ಆಟ. ಒಳಗೆ ಹೋದರೆ ತೀರ್ಪಾಗುತ್ತದೆ, ತೀರ್ಪಾದರೆ ನಾಳೆ ನೂರು ಜನ ಅದನ್ನು ತೋರಿಸಿ ತಮ್ಮ ಹಣ ಕೇಳುತ್ತಾರೆ. ಅದಕ್ಕೇ ಬಾಗಿಲಲ್ಲೇ ಪೂರ್ತಿ ಹಣದ ಚೆಕ್ಕು, ಜೊತೆಗೊಂದು ಪತ್ರ: ‘ಬ್ಯಾಂಕು ದಯೆಯಿಂದ ಮರಳಿಸುತ್ತಿರುವ ಮೊತ್ತ.’ ಸಹಿ ಹಾಕಿ, ದಾವೆ ಹಿಂತೆಗೆದುಕೊಳ್ಳಿ. ಟೈಪಕ್ಕ ಪತ್ರ ಓದಿ ಆ ಹೆಂಗಸಿನ ಕೈಗೇ ಕೊಡುತ್ತಾರೆ. ಹಸಿದವರಿಗೆ ಹಟ ಕಲಿಸುವುದು ತಮ್ಮ ಕೆಲಸವಲ್ಲ ಎಂಬುದು ಅವರ ಇನ್ನೊಂದು ಕಟ್ಟುನಿಟ್ಟು.

ಇಸ್ತ್ರಿಯವಳು ಚೆಕ್ಕನ್ನು ನೋಡುತ್ತಾಳೆ, ಪತ್ರ ನೋಡುತ್ತಾಳೆ. “ಅಕ್ಕಾ, ಆ ಪೆನ್ಸಿಲ್ ಕೊಡಿ.” ‘ದಯೆಯಿಂದ’ ಎಂಬಲ್ಲಿ ಗೀಟು ಎಳೆದು ಪತ್ರವನ್ನು ವಾಪಸು ಚಾಚುತ್ತಾಳೆ.

“ದುಡ್ಡು ಬಂತಲ್ಲಮ್ಮ, ಒಂದು ಪದದಲ್ಲಿ ಏನಿದೆ?” ಎನ್ನುತ್ತಾರೆ ಬ್ಯಾಂಕಿನವರು.

“ಏನೂ ಇಲ್ಲ ಅಂದ್ರೆ ಬದಲಾಯಿಸಿ ಕೊಡಿ. ಇಲ್ಲಾಂದ್ರೆ ಒಳಗೆ ಹೋಗೋಣ.”

ಒಳಗಿನಿಂದ ಹೆಸರು ಕೂಗುತ್ತಾರೆ. ಬ್ಯಾಂಕಿನವರು ಎರಡು ಸಲ ಫೋನು ಮಾಡುತ್ತಾರೆ. ಕೊನೆಗೆ ಗೀಟಿನ ಮೇಲೆ ‘ತಪ್ಪಾಗಿ ಕಡಿತ ಮಾಡಿದ್ದರಿಂದ’ ಎಂದು ಬರೆದು, ಪಕ್ಕದಲ್ಲಿ ರುಜು ಹಾಕುತ್ತಾರೆ.

ಪತ್ರದ ನಕಲು ಈಗ ಟೈಪಕ್ಕನ ಮೇಜಿನ ಮೇಲೆ ಹಾಸುವ ಗಾಜಿನಡಿ ಇದೆ. “ಹನ್ನೆರಡು ವರ್ಷಕ್ಕೆ ಅವರ ಕೈಲಿ ತಪ್ಪಾಗಿ ಅಂತ ಬರೆಸಿದ್ದು ಇದೇ ಮೊದಲು” ಎನ್ನುತ್ತಾ ಅವರು ಗಾಜು ಒರೆಸುತ್ತಾರೆ. “ಬರೆಸಿದ್ದು ನಾನಲ್ಲ, ಅವಳು. ಪೆನ್ಸಿಲ್ ಮಾತ್ರ ನಂದು.”