ಕೊಡಿ, ನಾಲ್ಕಿಂಚು

ಬೇಟೆಯ ಆಯುಧವನ್ನು ಮನುಷ್ಯನ ಕೈಗಿತ್ತದ್ದು ಹಸಿವು. ನಾಗರಿಕತೆಯ ಮೊದಲ ಅಧ್ಯಾಯ ಶುರುವಾಗುವುದೇ ಅಲ್ಲಿಂದ. ನಾನು ಮೀನು ತಿನ್ನುವುದಿಲ್ಲ. ಕೇಕಿಗೆ ಮೊಟ್ಟೆ ಬಿದ್ದಿದೆಯೇ ಎಂದು ವಿಚಾರಿಸಿಕೊಂಡೇ ಬಾಯಿಗಿಡುವ ಮನೆತನ ನಮ್ಮದು. ಆದರೂ ಬಹರೇನಿನ ಗುಫೂಲ್‌ನ ಎರಡು ಕೋಣೆಯ ಫ್ಲಾಟಿನಲ್ಲಿ ಕೂತು ಏಳಡಿ ಉದ್ದದ ಗಾಳದ ಕೋಲೊಂದನ್ನು ನಾನು ಕೈಯಾರೆ ಕಟ್ಟಿದೆ. ಒಂದಲ್ಲ, ಎರಡು ಸಲ ಕಟ್ಟಿದೆ.

ಇದಕ್ಕೆ ಹೊಣೆ ಎದುರು ಫ್ಲಾಟಿನವರು. ಮಂಗಳೂರು ಕಡೆಯ ಕ್ರೈಸ್ತರು, ಅವಾಲಿಯ ತೈಲ ಕಂಪನಿಯಲ್ಲಿ ಕೆಲಸ. ಶುಕ್ರವಾರ ಬೆಳಿಗ್ಗೆ ಗೆಳೆಯರೊಂದಿಗೆ ಬಾಡಿಗೆ ದೋಣಿಯಲ್ಲಿ ಮೀನಿಗೆ ಹೋಗುವುದು ಅವರ ನೇಮ. ನೆರೆಯವನೆಂಬ ದಾಕ್ಷಿಣ್ಯಕ್ಕೆ ನನ್ನನ್ನೂ ಒಂದು ವರ್ಷ ಕರೆದೊಯ್ದರು. ದೋಣಿಯಲ್ಲಿ ನನಗೆ ವಹಿಸಿದ್ದ ಹುದ್ದೆ, ಐಸ್ ಪೆಟ್ಟಿಗೆಯ ಮೇಲೆ ಕೂತು ಎಲ್ಲರಿಗೂ ಕಿತ್ತಳೆ ಸುಲಿದುಕೊಡುವುದು. ದಾವಣಗೆರೆಯಿಂದ ಹೊರಟು, ಕಟ್ಟಡಗಳ ಕಂಬ ತೊಲೆಗಳಿಗೆ ಲೆಕ್ಕ ಹಾಕಿ ಸಹಿ ಮಾಡುವ ಅಧಿಕಾರ ಪಡೆದಿದ್ದ ನಾನು ಆ ಹುದ್ದೆಯನ್ನು ನಿಷ್ಠೆಯಿಂದಲೇ ನಿರ್ವಹಿಸಿದೆ. ಒಂದು ಶುಕ್ರವಾರ ಮಾತ್ರ, ನನಗೂ ಒಂದು ಕೋಲು ಕೊಡಿ ಎಂದು ಕೇಳಿಬಿಟ್ಟೆ.

"ನಿಮ್ಗೆ ಎಂತಕ್ಕೆ ಮಾರಾಯ್ರೆ? ತಿನ್ಲಿಕ್ಕಿಲ್ಲ, ಮತ್ತೆ ಹಿಡಿಯುದು ಎಂತಕ್ಕೆ?"

"ಕ್ರಿಕೆಟ್ ಚೆಂಡನ್ನೂ ಯಾರೂ ತಿನ್ನಲ್ಲ. ಹಿಡಿಯೋದು ಬಿಟ್ಟಿದಾರಾ?"

ದೋಣಿಯವರೆಲ್ಲ ನಕ್ಕರು. ಅವರೂ ನಕ್ಕರು, ಆದರೆ ಕೋಲು ಕೊಡಲಿಲ್ಲ. "ಘಟ್ಟದ ಮೇಲಿನವರಿಗೆ ಸಮುದ್ರ ಅಂದ್ರೆ ಕ್ಯಾಲೆಂಡರಿನ ಚಿತ್ರ. ನೀವು ಕಿತ್ತಳೆ ಸುಲೀರಿ."

ಸರಿ, ನನ್ನ ಕೋಲನ್ನು ನಾನೇ ಕಟ್ಟಿಕೊಳ್ಳುತ್ತೇನೆ ಎಂದೆ. ಅವರು ನಗು ನಿಲ್ಲಿಸಿ ಕರಾರು ಹಾಕಿದರು: "ನೀವು ಕಟ್ಟಿದ ಕೋಲಲ್ಲಿ ಒಂದೇ ಒಂದು ಮೀನು ದೋಣಿಗೆ ಬರ್ಲಿ. ಆಮೇಲೆ ನಿಮ್ಗೂ ಒಂದು ಜಾಗ ಖಾಯಂ. ಬರ್ಲಿಲ್ಲ ಅಂದ್ರೆ ಇನ್ನು ಕೋಲಿನ ಮಾತು ಎತ್ಲಿಕ್ಕಿಲ್ಲ." ಒಪ್ಪಿದೆ. ಒಪ್ಪದೆ ಇರಲು ಕೈಯಲ್ಲಿ ಕಿತ್ತಳೆ ಬಿಟ್ಟು ಬೇರೇನೂ ಇರಲಿಲ್ಲ.

ಮನಾಮದ ಅಂಗಡಿಯಲ್ಲಿ ಬರಿಯ ಕೋಲು, ಹಿಡಿ, ರೀಲು ಬೇಗ ಸಿಕ್ಕವು. ತಡವಾದದ್ದು ಉಂಗುರಗಳಿಗೆ. ಗಾಳದ ದಾರ ರೀಲಿನಿಂದ ಹೊರಟು ಕೋಲಿನುದ್ದಕ್ಕೂ ಈ ಉಂಗುರಗಳ ಒಳಗೆ ನುಸುಳಿ ತುದಿ ಮುಟ್ಟಬೇಕು. ಉಂಗುರದ ಒಳಗೋಡೆಯ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ದಾರ ಸವೆದು ಕಡಿಯುತ್ತದೆ ಎಂದು ಓದಿದ್ದೆ. ಮನೆಯಿಂದ ಹತ್ತಿ ಒಯ್ದಿದ್ದೆ. ಹೊಸೆದು ಒಂದೊಂದು ಉಂಗುರದೊಳಗೂ ತೂರಿಸಿ ತಿರುಗಿಸಿದೆ; ಎಳೆ ಸಿಕ್ಕಿಕೊಂಡರೆ ಆ ಉಂಗುರ ಅನರ್ಹ. ಅಂಗಡಿಯಾತ ಕೈಕಟ್ಟಿ ನೋಡುತ್ತಿದ್ದವನು ಕೊನೆಗೆ ಹಿಂದಿಯಲ್ಲಿ ಕೇಳಿದ, "ಸಾಬ್, ಮೀನಿಗೆ ಕಿವಿ ಚುಚ್ಚಿಸ್ತೀರಾ?" ಕೋಲಿಗೆ ಕಟ್ಟುವ ಕಾಲು ಒಂದೇ ಇರುವ ಉಂಗುರ ಹಗುರ, ಅದನ್ನೇ ಒಯ್ಯಿರಿ ಎಂದೂ ಹೇಳಿದ. ತೊಲೆಯನ್ನು ಒಂದೇ ಕಂಬದ ಮೇಲೆ ನಿಲ್ಲಿಸುವ ವಂಶದಲ್ಲಿ ನಾನು ಹುಟ್ಟಿಲ್ಲ. ಎರಡು ಕಾಲಿನವನ್ನೇ ಆರಿಸಿ, ಮುರಿದರೆ ಇರಲಿ ಎಂದು ಒಂದು ಹೆಚ್ಚುವರಿಯನ್ನೂ ಕೊಂಡೆ.

ಎಲ್ಲೆಲ್ಲಿ ಕೂರಿಸಬೇಕೆಂಬುದನ್ನು ಮಾತ್ರ, ಅಭಿಮಾನ ನುಂಗಿಕೊಂಡು, ಎದುರು ಫ್ಲಾಟಿನವರಿಗೇ ಫೋನ್ ಮಾಡಿ ಕೇಳಿದೆ. ಬಟನ್ ಫೋನಿನ ಕಾಲ. ಚಿತ್ರ ಕಳಿಸಿ ತೋರಿಸುವ ಸೌಕರ್ಯ ಇಬ್ಬರಿಗೂ ಇರಲಿಲ್ಲ. ಅವರು ಅವಾಲಿಯಲ್ಲಿ ಪಾಳಿಯ ಮೇಲಿದ್ದರು, ಹಿಂದೆ ಯಂತ್ರದ ಗದ್ದಲ.

"ಏಳು ರಿಂಗ್ ಸಾಕು. ಕೊಡಿ ನಾಲ್ಕಿಂಚು, ಮತ್ತೆ ಒಂದೊಂದೇ ಇಂಚು ಜಾಸ್ತಿ ಮಾಡ್ತಾ ಹೋಗಿ."

"ಎಲ್ಲಿ ಕೊಡಲಿ?"

"ಕೊಡಿ ಮಾರಾಯ್ರೆ, ಕೊಡಿ!"

ಅವಸರದಲ್ಲಿದ್ದಾರೆ ಎಂದುಕೊಂಡು ಫೋನಿಟ್ಟೆ. ಜಗತ್ತಿನ ಯಾವ ಕಟ್ಟಡವಾದರೂ ಬುಡದಿಂದಲೇ ಏಳುತ್ತದೆ. ರೀಲಿನ ಪಕ್ಕದಿಂದ ನಾಲ್ಕು ಇಂಚು ಕೊಟ್ಟೆ, ಆಮೇಲೆ ಐದು, ಆರು, ಏಳು. ಎರಡು ವಾರದ ಸಂಜೆಗಳಲ್ಲಿ ಏಳೂ ಉಂಗುರಗಳ ಕಾಲುಗಳಿಗೆ ಕೆಂಪು ನೂಲನ್ನು ಎಳೆಗೆ ಎಳೆ ತಾಗುವಂತೆ ಸುತ್ತಿ, ಮೇಲೆ ಎಪಾಕ್ಸಿ ಅಂಟು ಬಳಿದೆ. ಗಾಜಿನಂತೆ ಹೊಳೆಯುತ್ತಿತ್ತು. ಎದುರು ಫ್ಲಾಟಿನವರನ್ನು ಕರೆದು, ಮೇಜಿನ ಮೇಲೆ ಹಾಸಿದ್ದ ಟವೆಲ್ಲನ್ನು ಸರಿಸಿ ಅನಾವರಣ ಮಾಡಿದೆ.

ಅವರು ಬುಡದಿಂದ ತುದಿಯವರೆಗೆ ಒಮ್ಮೆ ಬೆರಳಾಡಿಸಿದರು. "ಇದೆಂತದು? ಅಡಿಮೇಲು ಉಂಟಲ್ಲ! ತುದಿಯಲ್ಲಿ ಹನ್ನೊಂದು ಇಂಚು ಬೋಳು, ರೀಲಿನ ಹತ್ರ ಜಾತ್ರೆ. ಮೀನು ಎಳೆದ್ರೆ ಬಾಗುದು ತುದಿ. ಅಲ್ಲಿ ದಾರ ಕೋಲಿಗೇ ಉಜ್ಜಿ ತುಂಡಾಗ್ತದೆ."

"ನೀವೇ ಹೇಳಿದ್ರಲ್ಲ, ಕೊಡಿ ನಾಲ್ಕಿಂಚು ಅಂತ."

"ಹೌದು, ಕೊಡಿ! ಕೋಲಿನ ಕೊಡಿ! ಬಾಳೆಲೆಗೆ ಕೊಡಿ ಇರುದಿಲ್ವಾ?"

ಆಗ ತಿಳಿಯಿತು. ಕರಾವಳಿಯಲ್ಲಿ ಕೊಡಿ ಎಂದರೆ ತುದಿ.

"ನಮ್ಮ ಕಡೆ ಕೊಡಿ ಅಂದರೆ ಕೊಡಿ," ಎಂದೆ.

"ಅಲ್ಲ, ನೀವು ಎಲ್ಲಿಗೆ ಕೊಟ್ಟದ್ದು?"

"ಬುಡಕ್ಕೆ."

"ಬುಡಕ್ಕೆ!" ಸೋಫಾದ ಮೇಲೆ ಕುಸಿದು ಕಣ್ಣೊರೆಸಿಕೊಂಡರು. ನನ್ನ ಹೆಂಡತಿಯೂ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಮುಗಿದ ಮೇಲೆ ಅವರಿಗೆ ಕರುಣೆ ಬಂತು. "ಸಾಕು ಬಿಡಿ. ಕೊಡಿ ಇಲ್ಲಿ, ನಾನೇ ಸರಿ ಮಾಡ್ತೇನೆ."

"ಈಗಿನ ಕೊಡಿ ಯಾವುದು? ತುದಿಯೋ, ದಾನವೋ?"

"ಎರಡನೇದು."

"ಕೊಡಲ್ಲ."

ಮರುದಿನ ಸಂಜೆ ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಅಂಟನ್ನು ಬಿಸಿ ಮಾಡಿ, ಬ್ಲೇಡಿನಿಂದ ಕೆಂಪು ನೂಲನ್ನೆಲ್ಲ ಹೆರೆದು ತೆಗೆದೆ. ಈ ಸಲ ಅವರ ಇಂಚುಗಳನ್ನೂ ನಂಬಲಿಲ್ಲ. ಅವರು ಹೇಳಿದ ಹಾಗೆ ತುದಿಯಿಂದ ಏಳು ಉಂಗುರ ಜೋಡಿಸಿ, ನೂಲು ಸುತ್ತದೆ ರಬ್ಬರ್ ಬ್ಯಾಂಡಿನಲ್ಲಿ ನಿಲ್ಲಿಸಿದೆ. ದಾರದ ಕೊನೆಗೆ ಐದು ಲೀಟರಿನ ನೀರಿನ ಕ್ಯಾನು ಕಟ್ಟಿ, ಮಂಚದ ಮೇಲೆ ನಿಂತು ಕೋಲನ್ನು ಎತ್ತಿದೆ. ಕೋಲು ಬಿಲ್ಲಿನಂತೆ ಬಾಗಿತು. ಹೆಂಡತಿ ಟಾರ್ಚ್ ಹಿಡಿದು ಉಂಗುರ ಉಂಗುರಗಳ ನಡುವೆ ದಾರ ಕೋಲಿಗೆ ತಾಗುತ್ತಿದೆಯೇ ಎಂದು ಇಣುಕಿದಳು.

"ಇಲ್ಲಿ ತಾಗ್ತು ನೋಡ್ರಿ."

"ಎಲ್ಲಿ?"

"ನಡುವಿನಾಗ. ಐದನೇದಕ್ಕೂ ಆರನೇದಕ್ಕೂ ಮಧ್ಯ. ಬೇಗ ಇಳಿಸ್ರಿ, ಕ್ಯಾನು ಹಾಸಿಗೆ ಮ್ಯಾಲ ಬಿದ್ದೀತು."

ಅರ್ಧ ಇಂಚು ಸರಿಸಿದೆ. ಅಲ್ಲಿ ಬಿಟ್ಟು ಇನ್ನೊಂದು ಕಡೆ ತಾಗಿತು. ಹೀಗೆ ನಾಲ್ಕು ಸಂಜೆ. ಕೊನೆಗೆ ಹೆಚ್ಚುವರಿ ಉಂಗುರವನ್ನೂ ನಡುವೆ ಸೇರಿಸಿ ಎಲ್ಲವನ್ನೂ ಮತ್ತೆ ಹಂಚಿದಾಗ ದಾರ ಎಲ್ಲೂ ತಾಗಲಿಲ್ಲ. ಅದೇ ಜಾಗಗಳಲ್ಲಿ ಪೆನ್ಸಿಲ್ ಗುರುತು ಹಾಕಿ ನೂಲು ಸುತ್ತಿದೆ, ಅಂಟು ಬಳಿದೆ.

ಎದುರು ಫ್ಲಾಟಿನವರು ಬಂದು ಎಣಿಸಿದರು. "ಎಂಟು! ಏಳು ಸಾಕು ಅಂತ ಹೇಳ್ಲಿಲ್ವಾ? ಕೋಲು ಭಾರ ಆಗ್ತದೆ, ಅದರ ಸೊಕ್ಕೇ ಹೋಗ್ತದೆ."

"ಅದರದು ಹೋಗಲಿ. ನನ್ನದಿದೆಯಲ್ಲ."

"ನಿಮ್ದು ಉಂಟು, ಅದು ಗೊತ್ತುಂಟು."

ಆ ಶುಕ್ರವಾರ ದೋಣಿಯಲ್ಲಿ ನಾನು ಕಿತ್ತಳೆ ಮುಟ್ಟಲಿಲ್ಲ. ಎರಡು ಗಂಟೆ ಕಾಲ ಮೀನುಗಳೂ ನನ್ನ ಗಾಳವನ್ನು ಮುಟ್ಟಲಿಲ್ಲ. ಬಿಸಿಲೇರಿತು, ಒಬ್ಬರು, "ಸಿಪ್ಪೆ ಸುಲಿಯುವವರೇ ಇಲ್ಲ ಇವತ್ತು," ಎಂದು ಆಕಾಶಕ್ಕೆ ದೂರು ಕೊಟ್ಟರು. ಅಷ್ಟರಲ್ಲಿ ಕೋಲಿನ ತುದಿ ಎರಡು ಸಲ ತಲೆಯಾಡಿಸಿ, ಮೂರನೆಯ ಸಲ ನೇರ ನೀರಿನ ಕಡೆಗೆ ಬಾಗಿತು. ಕೆಳಗಿನದು ಕಲ್ಲಿನ ಸಂದಿಗೆ ನುಗ್ಗಲು ಎಳೆಯುತ್ತಿತ್ತು, ನಾನು ಬಿಡಲಿಲ್ಲ. ಬಿಡಿ, ಬಿಡಿ, ಸ್ವಲ್ಪ ದಾರ ಬಿಡಿ ಎಂದು ನಾಲ್ಕು ಕಡೆಯಿಂದ ಕೂಗಿದರು. ಬಿಡಲಿಲ್ಲ. ಎದುರು ಫ್ಲಾಟಿನವರು ತಮ್ಮ ಕೋಲನ್ನು ಕೆಳಗಿಟ್ಟು ಪಕ್ಕಕ್ಕೆ ಬಂದರು. ಅವರು ನೀರನ್ನು ನೋಡುತ್ತಿರಲಿಲ್ಲ. ಕತ್ತು ವಾರೆ ಮಾಡಿ, ಬಾಗಿದ ಕೋಲಿನ ಉದ್ದಕ್ಕೂ ಉಂಗುರದಿಂದ ಉಂಗುರಕ್ಕೆ ಕಣ್ಣು ಹಾಯಿಸುತ್ತಿದ್ದರು.

"ತಾಗುದಿಲ್ಲ ಮಾರಾಯ್ರೆ," ಎಂದರು, ಸ್ವಲ್ಪ ಬೇಸರದಿಂದಲೇ.

ಬಂದದ್ದು ಹಮೂರ್, ಆ ಕೊಲ್ಲಿಯವರ ಅಚ್ಚುಮೆಚ್ಚಿನ ಮೀನು. ಎರಡೂವರೆ ಕಿಲೋ ತೂಗಿತು.