ಹುಳುಮನೆಯಿಂದ ದೂರದ ಮನೆ

ನಮ್ಮಕ್ಕ ನಿಂಗಮ್ಮ ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಬಸ್ಸಿನಲ್ಲಿ ಇಳಿಯುವ ಊರು ಹೇಳುವಾಗಲೂ ಅವಳದು ಪಿಸುಮಾತೇ. ಕಂಡಕ್ಟರು ಬಗ್ಗಿ ಕಿವಿ ಕೊಡಬೇಕಾಗುತ್ತಿತ್ತು. ಒಮ್ಮೆ ಕಬ್ಬಾಳಮ್ಮನ ಗುಡಿಯಲ್ಲಿ ಹರಕೆ ಹೇಳಿಕೊಳ್ಳುತ್ತಿದ್ದಾಗ ಪೂಜಾರಿ, 'ತಾಯಿಗಾದ್ರೂ ಒಸಿ ಕೇಳಂಗೆ ಹೇಳವ್ವ' ಅಂದ. 'ಆಯಮ್ಮಂಗೆ ಕೇಳ್ತದೆ ಬುಡಪ್ಪ' ಎಂದಳು, ಅದನ್ನೂ ಪಿಸುಗುಟ್ಟಿಯೇ.

ಇದು ನಾಚಿಕೆಯಲ್ಲ, ರೇಷ್ಮೆ ಹುಳ ಕಲಿಸಿದ ಅಭ್ಯಾಸ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಹುಳ ಜ್ವರದಲ್ಲಿರುವಾಗ ಮನೆಯೊಳಗೆ ಗದ್ದಲ ಕೂಡದು ಎಂಬುದು ಅಕ್ಕನ ಅತ್ತೆ ಹಾಕಿದ್ದ ಕಟ್ಟಳೆ. ಚಿಕ್ಕ ವಯಸ್ಸಿಗೇ ಚನ್ನಪಟ್ಟಣದ ಕಡೆಯ ಆ ಮನೆ ಸೇರಿದ ಅಕ್ಕ, ಒಂದು ಬೆಳೆ ಇಳಿಯುತ್ತಲೇ ಇನ್ನೊಂದು ಬೆಳೆ ಏರಿಸುತ್ತಾ, ಜ್ವರವಿಲ್ಲದ ದಿನಗಳಲ್ಲಿ ದನಿ ಎತ್ತಬಹುದು ಎಂಬುದನ್ನೇ ಮರೆತುಬಿಟ್ಟಳು. ಅತ್ತೆ ಹೋದರು, ಕಟ್ಟಳೆ ಉಳಿಯಿತು.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಆಗ ರೇಷ್ಮೆಗೆ ಒಳ್ಳೆಯ ಕಾಲ ಶುರುವಾಗಿತ್ತು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಊರಿನಲ್ಲಿ ಹುಳು ಸಾಕದ ಮನೆಯೇ ಇರಲಿಲ್ಲ, ಆದರೆ ಹುಳಕ್ಕೆಂದು ಬೇರೆ ಮನೆ ಇದ್ದವರು ಯಾರೂ ಇರಲಿಲ್ಲ. ಹುಳ ಬೆಳೆದಂತೆ ಬಿದಿರಿನ ತಟ್ಟೆಗಳು ನಡುಮನೆ ತುಂಬಿ, ದೇವರ ಮೂಲೆ ತುಂಬಿ, ಅಡುಗೆಮನೆ ಬಾಗಿಲಿಗೆ ಬರುತ್ತಿದ್ದವು. ಭಾವ, ಮಕ್ಕಳು, ನಾನು ಎಲ್ಲರೂ ಜಗಲಿಗೆ. ಅಕ್ಕ ಮಾತ್ರ ತಟ್ಟೆಗಳ ಸಾಲಿನ ನಡುವೆ ಒಂದಾಳು ಮಲಗುವಷ್ಟು ಜಾಗ ಮಾಡಿಕೊಂಡು ಚಾಪೆ ಹಾಸುತ್ತಿದ್ದಳು.

'ಮನೆ ಅವುಗಳ್ದು ಕಣ್ಲಾ, ನಾವು ನೆಂಟ್ರು' ಅನ್ನುತ್ತಿದ್ದಳು.

ಒಡವೆ ಬೇಕು, ಸೀರೆ ಬೇಕು ಅಂದವಳಲ್ಲ. ತನ್ನ ಮನೆಯಿಂದ ಹೋದ ಗೂಡಿನ ನೂಲು ಯಾರ್ಯಾರ ಮೈಮೇಲೋ ಇರುತ್ತಿತ್ತು, ಇವಳು ಹತ್ತಿ ಸೀರೆಯಲ್ಲೇ ಇದ್ದಳು. ಕೇಳಿದ್ದು ಒಂದೇ. 'ಹುಳಕ್ಕೊಂದು ಮನೆ, ನಮಗೊಂದು ಮನೆ. ಉಣ್ಣೋ ತಟ್ಟೆಗೆ ಹುಳದ ಹಿಕ್ಕೆ ಬೀಳ್ದಂಗಿರೋ ಒಂದು ಮನೆ ಕಂಡ್ರೆ ಸಾಕು.'

ನಾನು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು, ಆಮೇಲೆ ಗೂಡು ಕೂಗಿ ಕೊಳ್ಳುವುದನ್ನು ಕಲಿತು, ಕೊನೆಗೆ ಸ್ವಂತ ಚರಕ ಹಾಕಿ ನೂಲು ತೆಗೆಸುವ ಮಟ್ಟಕ್ಕೆ ಬಂದವನು. ಹರಾಜಿನಲ್ಲಿ ನನ್ನ ದನಿ ಮಾರುಕಟ್ಟೆಯ ಆ ಕೊನೆಗೂ ಕೇಳುತ್ತಿತ್ತು. ಅಕ್ಕ ಒಮ್ಮೆ ಅಲ್ಲಿಗೆ ಬಂದಿದ್ದಾಗ ನನ್ನ ಕೂಗು ಕೇಳಿ ಬೆಚ್ಚಿ, ಜನರ ನಡುವೆ ತೂರಿಕೊಂಡು ಬಂದು ತೋಳು ಹಿಡಿದಳು. 'ಯಾರ ಜೊತೆ ಜಗಳ್ಲಾ?' 'ಜಗಳ ಅಲ್ಲ ಕಣಕ್ಕ, ಯಾಪಾರ.' 'ಯಾಪಾರಕ್ಕೆ ಇಷ್ಟು ಜೋರಾ? ಪಾಪ, ಗೂಡಿನೊಳ್ಗೆ ಹುಳ ಇನ್ನೂ ಜೀವಂತ ಇರ್ತಾವೆ ಕಣ್ಲಾ.' ಅಕ್ಕಪಕ್ಕ ಗೂಡು ಕೂಗುತ್ತಿದ್ದ ರೀಲರುಗಳು ನಕ್ಕರು. ನನಗೂ ನಗು ಬಂತು.

ಭಾವ ತೀರಿಕೊಂಡ ವರ್ಷವೇ ಅಕ್ಕನಿಗೆ ಕೆಮ್ಮು ಹತ್ತಿತು. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು, ಆಮೇಲೆ ಕೂತಲ್ಲೇ. ಎಲ್ಲಿ ಮಲಗುತ್ತೀರಿ ಎಂದು ಕೇಳಿದ ಮೇಲೆ ಡಾಕ್ಟರು ಬೇರೆ ಏನೂ ಕೇಳಬೇಕಾಗಲಿಲ್ಲ. ಹುಳದ ದೂಳು, ತಟ್ಟೆಗೆ ಹೊಡೆಯುವ ಔಷಧಿ, ಗಾಳಿಯಾಡದ ಮನೆ. ನನ್ನನ್ನು ಹೊರಗೆ ಕರೆದು, 'ಹುಳ ಇರೋ ಮನೆಯಲ್ಲಿ ಇನ್ನೂ ಮಲಗಿದರೆ ಈ ಎದೆ ತಡೆಯಲ್ಲ' ಎಂದರು. ಅಕ್ಕನ ಮಗ ಶಿವಣ್ಣ, ಸೊಸೆ ರತ್ನ ಇಬ್ಬರಿಗೂ ಹುಳುವಿನ ಕೆಲಸ ಬಿಟ್ಟು ಬೇರೆ ಗೊತ್ತಿಲ್ಲ. ಹಾಗಾಗಿ ಬೇಕಾದದ್ದು ಎರಡು ಮನೆ ಇರುವ ತೋಟ. ಇರುವ ಮನೆ, ದೂರದಲ್ಲಿ ಹುಳುಮನೆ. ಅಕ್ಕನ ಉಸಿರು ಉಳಿಯುವುದು ಆ ನಡುವಿನ ದೂರದ ಮೇಲೆ ನಿಂತಿತ್ತು.

ತೋಟ ಕೊಳ್ಳುವವರು ನನ್ನನ್ನು ಕೇಳಿದರೆ ಹೇಳುತ್ತೇನೆ: ಬಾವಿಯನ್ನು ಬೇಸಿಗೆಯಲ್ಲಿ ನೋಡಿ, ಸೂರನ್ನು ಮಳೆಯಲ್ಲಿ ನೋಡಿ. ಮನೆಗಿಂತ ಮೊದಲು ಕೊಟ್ಟಿಗೆಗೆ ಹೋಗಿ. ದನದ ಕಾಲಡಿ ಒಣಗಿದ್ದರೆ ಯಜಮಾನ ನೆಟ್ಟಗಿದ್ದಾನೆ ಎಂದರ್ಥ, ಅವನ ಮಾತನ್ನು ಅರ್ಧವಾದರೂ ನಂಬಬಹುದು. ಗಾಡಿ ಹೋಗುವ ದಾರಿ ಯಾರದು ಎಂದು ಮಾರುವವನನ್ನು ಕೇಳಬೇಡಿ, ಪಕ್ಕದ ಹೊಲದವನನ್ನು ಕೇಳಿ. ಮುಖ್ಯವಾಗಿ, ಇಷ್ಟವಾದ ವಸ್ತುವಿನ ಕಡೆ ಎರಡನೇ ಸಲ ತಿರುಗಿ ನೋಡಬೇಡಿ. ಮಾರುವವನು ನಿಮ್ಮ ಕಣ್ಣನ್ನೇ ನೋಡುತ್ತಿರುತ್ತಾನೆ.

ಇದನ್ನೆಲ್ಲ ಅಕ್ಕನಿಗೆ ಬಸ್ಸಿನಲ್ಲೇ ಒಪ್ಪಿಸಿ, ಕೂಟಗಲ್ ಕಡೆ ದಾಸೇಗೌಡರ ತೋಟ ನೋಡಲು ಕರೆದುಕೊಂಡು ಹೋದೆ. ಗೌಡರು ಪಟ್ಟಣದಲ್ಲಿ ಚರಕ ಹಾಕುವ ಹುಚ್ಚು ಹಿಡಿದು ತೋಟ ಮಾರಲು ನಿಂತಿದ್ದರು. ಬಿಳಿ ಮೀಸೆ, ಹೆಗಲ ಮೇಲೆ ಟವೆಲು, ಮಾತಿಗೊಮ್ಮೆ ತಾವೇ ಕಟ್ಟಿಸಿದ ಗೋಡೆ ತಟ್ಟುವ ಚಾಳಿ. ಹೆಂಚಿನ ಮನೆ, ಬೆನ್ನಿಗೆ ಕೊಟ್ಟಿಗೆ, ಪಕ್ಕದಲ್ಲಿ ಹುಲ್ಲಿನ ಮೆದೆ, ನೀರಿರುವ ಬಾವಿ. ಹುಳುಮನೆ ಮಾತ್ರ ಹಿಪ್ಪುನೇರಳೆ ಸಾಲುಗಳನ್ನೆಲ್ಲ ದಾಟಿ ತೋಟದ ಆ ತುದಿಯಲ್ಲಿ, ಬೇಲಿಯ ಹತ್ತಿರ. ಗೌಡರ ತಂದೆಗೆ ಹುಳದ ವಾಸನೆ ಆಗುತ್ತಿರಲಿಲ್ಲವಂತೆ, ಅದಕ್ಕೇ ಅಷ್ಟು ದೂರ ಕಟ್ಟಿದ್ದು.

ಹುಡುಕುತ್ತಿದ್ದುದು ಸಿಕ್ಕಿತ್ತು. ಮುಖ ಗಂಟಿಕ್ಕಿದೆ.

'ಎಲ್ಲ ಸರಿ ಗೌಡ್ರೆ, ಹುಳುಮನೆ ಇಷ್ಟು ದೂರ ಮಡಗಿದ್ದೀರಲ್ಲ. ಮಳೇಲಿ ಸೊಪ್ಪು ಹೊತ್ಕೊಂಡು ಹೆಂಗಸ್ರು ಓಡಾಡೋದೆಂಗೆ? ಇದು ದೊಡ್ಡ ಐಬು.'

ಅಕ್ಕ ನನ್ನ ಮುಖ ನೋಡಿದಳು. 'ದೂರ ಇರೋದೇ ನಮಗೆ ಬೇಕಾಗಿದ್ದಲ್ವೇನ್ಲಾ?' ಎಂದಳು.

ಗೌಡರು ಕಿವಿಗೆ ಕೈ ಹಿಡಿದು ಬಗ್ಗಿದರು. 'ಏನಂತಾವ್ರೆ ತಾಯಿ?'

'ದೂರ ಆಯ್ತು ಅಂತಾವ್ರೆ' ಎಂದೆ.

ಹುಳುಮನೆಯನ್ನು ಒಳಗಿನಿಂದ ನೋಡಬೇಕೆಂದೆ. ಗೌಡರು ಒಪ್ಪಲಿಲ್ಲ. ಹುಳ ಹಣ್ಣಾಗಲು ಬಂದಿದೆ, ಇನ್ನೇನು ಗೂಡು ಕಟ್ಟುತ್ತದೆ, ಈಗ ಹೊರಗಿನವರ ಕಾಲು ಒಳಗೆ ಬೀಳಕೂಡದು, ಬೀಗನೇ ಬಂದರೂ ಹೊಸಲು ದಾಟಿಸುವುದಿಲ್ಲ ಅಂದರು. ಒಳಗೆ ನೋಡದ ಕಟ್ಟಡವನ್ನು ಕೊಳ್ಳುವವನು ನಾನಲ್ಲ. ಮಾತು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಅಕ್ಕ ಚಪ್ಪಲಿ ಬಿಟ್ಟು ಕಿಟಕಿಯ ಪಕ್ಕದ ಗೋಡೆಗೆ ಕಿವಿ ಇಟ್ಟು ನಿಂತಿದ್ದಳು. ಕೊನೆಯ ಹಂತದ ಹುಳ ಸೊಪ್ಪು ಮೇಯುವ ಸದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಸರಸರ ಅನ್ನುತ್ತದೆ, ನಿಲ್ಲುವುದಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿಸಿಕೊಂಡು ಬಂದು, 'ಒಳಗಡೆ ಚೆಂದಾಗೈತೆ ಕಣ್ಲಾ. ಒಂದೇ ಸಮ ಉಣ್ತಾ ಅವೆ, ಮದುವೆ ಪಂಕ್ತೀಲಿ ಮಾತಿಲ್ದೆ ಉಣ್ಣಾ ಜನದಂಗೆ' ಎಂದಳು. ಅವಳ ಕಣ್ಣು ತುಂಬಿತ್ತು. ಅದನ್ನು ಗೌಡರು ನೋಡಿದರು. ನನ್ನ ಅರ್ಧ ಚೌಕಾಸಿ ಅಲ್ಲೇ ನೀರು ಪಾಲಾಯಿತು. ಉಳಿದರ್ಧವನ್ನು ಮಾತ್ರ ನಾನು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಎಲೆ ಅಡಿಕೆ ಇಟ್ಟು ಮಾತು ಗಟ್ಟಿ ಮಾಡಿಕೊಂಡೆವು. ಗೌಡರ ಗೂಡು ಇಳಿದ ಮೇಲೆ ಬೀಗದ ಕೈ ಅಕ್ಕನ ಸೆರಗಿಗೆ ಬಂತು.

ಮೊದಲ ಬೆಳೆಗೆ ಮಗ ಸೊಸೆ ಹುಳುಮನೆ ನೋಡಿಕೊಂಡರು. ಅಕ್ಕನಿಗೆ ಹೆಂಚಿನ ಮನೆ, ಎರಡು ಕಡೆ ಕಿಟಕಿಯ ಕೋಣೆ, ನಾನೇ ಮಾಡಿಸಿಕೊಟ್ಟ ಮಂಚ. ಕೆಮ್ಮು ಅರ್ಧ ಇಳಿಯಿತು. ನಾನು ಹೋದಾಗ ಹೊಸ ತಟ್ಟೆಯಲ್ಲಿ ಅನ್ನ ಬಡಿಸಿ, 'ನೋಡ್ಲಾ, ಹಿಕ್ಕೆ ಇಲ್ಲ' ಎಂದು ನಕ್ಕಳು. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಅಂಥ ಲಾಭ ಮತ್ತೆಲ್ಲೂ ಕಂಡಿಲ್ಲ.

ಎರಡನೇ ಬೆಳೆ ಕೊನೆಗೆ ಬಂದಿದ್ದಾಗ ಬೆಳಗಿನ ಮೊದಲ ಬಸ್ಸಿಗೇ ಹೋದೆ. ಕೋಣೆಯಲ್ಲಿ ಮಂಚ ಹಾಸಿದ ಹಾಗೇ ಇತ್ತು. ಹಿಪ್ಪುನೇರಳೆ ಸಾಲಿನ ನಡುವೆ ಅಕ್ಕ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದಳು. ಹಳೆಯ ಚಾಪೆ, ಚನ್ನಪಟ್ಟಣದ ಮನೆಯದು.

'ಎಲ್ಲಿ ಮಲಗಿದ್ದೆ?'

ಕದ್ದು ಸಿಕ್ಕವಳ ಹಾಗೆ ನಿಂತಳು. 'ಜಗಲೀಲಿ ಕಣ್ಲಾ. ಒಳಕ್ಕೆ ಓಗಿಲ್ಲ. ಹುಳುಮನೆ ಜಗಲೀಲಿ.'

'ಯಾಕಕ್ಕ? ಆ ಮನೇಲಿ ಏನು ಕಮ್ಮಿ ಮಾಡಿದ್ದೀನಿ ನಾನು?'

'ಏನೂ ಕಮ್ಮಿ ಇಲ್ಲ ಕಣಪ್ಪ. ಮನೆ ಅರಮನೆ.' ಉಸಿರಿಗಾಗಿ ನಿಂತು ಮತ್ತೆ ಹೇಳಿದಳು. 'ಅಲ್ಲಿ ಕಿವಿ ಖಾಲಿ ಆಗೋಯ್ತದೆ ಕಣ್ಲಾ. ಕಣ್ಮುಚ್ಚಿದ್ರೆ ಯಾರೂ ಇಲ್ಲ ಅನ್ನಿಸ್ತದೆ. ಇಲ್ಲಿ ಅವು ಉಣ್ತಾ ಇರ್ತಾವೆ, ನಿದ್ದೆ ಬತ್ತದೆ.'

ಡಾಕ್ಟರ ಮಾತು ನೆನಪಿಸಿದೆ. ಹಿಪ್ಪುನೇರಳೆ ಕಡ್ಡಿಯನ್ನೆಲ್ಲ ಕೀಳಿಸಿ ತೆಂಗು ಹಾಕಿಸುತ್ತೇನೆ ಎಂದೆ. 'ಹಾಕ್ಸು. ತೆಂಗಿನ ಮರದ ಜೊತೆ ನಾನೇನು ಮಾತಾಡ್ಲಿ?' ಎಂದಳು. ಕೊನೆಗೆ ಚೌಕಾಸಿಯ ಹಾಗೆ ಒಂದೊಂದೇ ಷರತ್ತಿಗೆ ಇಳಿದೆ. ಒಳಗೆ ಹೋಗಬಾರದು, ಔಷಧಿ ಹೊಡೆದ ದಿನ ಆ ಕಡೆ ಸುಳಿಯಬಾರದು, ಮೂಗಿಗೆ ಬಟ್ಟೆ ಕಟ್ಟಬೇಕು. ಎಲ್ಲಕ್ಕೂ ತಲೆಯಾಡಿಸಿದಳು. ತಕರಾರಿಲ್ಲದೆ ಎಲ್ಲಕ್ಕೂ ಒಪ್ಪುವವರ ಜೊತೆ ವ್ಯಾಪಾರ ಕುದುರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಜಗಲಿಯಿಂದ ಹೊಸಲು, ಹೊಸಲಿನಿಂದ ತಟ್ಟೆಗಳ ನಡುವಿನ ಆ ಒಂದಾಳಿನ ಜಾಗ. ಚಾಪೆ ಒಳಗೆ ಹೋದದ್ದನ್ನು ರತ್ನ ಹೇಳಿದಾಗ ಮೂರನೇ ಬೆಳೆ ನಡೆಯುತ್ತಿತ್ತು.

ಹಾಗಾಗಿ ನನ್ನ ಸಲಹೆಗಳ ಜೊತೆ ಈಗ ಇದನ್ನೂ ಸೇರಿಸುತ್ತೇನೆ. ಯಾರಿಗಾಗಿ ಕೊಳ್ಳುತ್ತೀರೋ ಅವರನ್ನು ಆ ಮನೆಯಲ್ಲಿ ಒಂದು ರಾತ್ರಿ ಮಲಗಿಸಿ, ಬೆಳಿಗ್ಗೆ ಎದ್ದಾಗ ಮುಖ ನೋಡಿ. ಬಾವಿ, ದಾರಿ, ಸೂರು ಆಮೇಲೆ.

ಅವಳ ದನಿ ಯಾವಾಗ ಸೊರಗತೊಡಗಿತೋ ನಮಗೆ ಯಾರಿಗೂ ತಿಳಿಯಲಿಲ್ಲ. ಬೇರೆಯವರಾಗಿದ್ದರೆ ಮನೆಯವರಿಗೆ ಗೊತ್ತಾಗುತ್ತಿತ್ತು. ಇವಳದು ಮೊದಲಿಂದಲೂ ಪಿಸುಮಾತು. ಉಸಿರು ಕಡಿಮೆಯಾಗಿ ಮಾತು ಇಳಿದಾಗಲೂ ನಾವು ಎಂದಿನ ಹಾಗೆ ಬಗ್ಗಿ ಕಿವಿ ಕೊಟ್ಟೆವು, ಅಷ್ಟೆ. ಕೊನೆಯ ಸಲ ಹೋದಾಗ ಅಕ್ಕ ಏನೋ ಹೇಳಿದಳು. ಇನ್ನೂ ಬಗ್ಗಿದೆ. 'ಜ್ವರಕ್ಕೆ ಕೂತವೆ ಕಣ್ಲಾ. ಎದ್ದ ಮ್ಯಾಕೆ ಎಳೇ ಸೊಪ್ಪು ಹಾಕಕ್ಕೆ ರತ್ನಂಗೆ ಹೇಳು.' ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಸೆರಗಿನ ತುದಿಯಲ್ಲಿದ್ದ ಬೆಲ್ಲದ ಚೂರು ಬಿಚ್ಚಿ ನನ್ನ ಕೈಗಿಟ್ಟಳು, ಮಾರುಕಟ್ಟೆಗೆ ಹೋಗುವಾಗ ಮೊದಲಿಂದಲೂ ಕೊಡುತ್ತಿದ್ದ ಹಾಗೆ. ಮರುದಿನ ಹರಾಜು ಮುಗಿಯುವ ಮೊದಲೇ ಶಿವಣ್ಣ ಬಂದು ಮಾರುಕಟ್ಟೆಯ ಬಾಗಿಲಲ್ಲಿ ನಿಂತಿದ್ದ.

ಹೆಂಚಿನ ಮನೆಯ ಮುಂದೆ ಮಲಗಿಸಿದ್ದರು. ಸುದ್ದಿ ತಿಳಿದು ದಾಸೇಗೌಡರು ಪಟ್ಟಣದಿಂದ ಬಂದಿದ್ದರು. ಸೂತಕದವರು ಹುಳುಮನೆಗೆ ಹೋಗುವ ಹಾಗಿಲ್ಲ. ಹುಳ ಜ್ವರದಿಂದ ಏಳುವ ಹೊತ್ತಾಗಿತ್ತು, ಎದ್ದರೆ ಸೊಪ್ಪಿಗೆ ಕಾಯುತ್ತವೆ. ಯಾರೂ ಕೇಳದೆಯೇ ಗೌಡರು ಪಂಚೆ ಎತ್ತಿ ಕಟ್ಟಿಕೊಂಡು ಸೊಪ್ಪು ಕೊಯ್ಯಲು ನಿಂತರು.

ನೆಂಟರಿಷ್ಟರು ಬರುತ್ತಿದ್ದರು, ಹೆಂಗಸರು ಅಕ್ಕನ ಸುತ್ತ ಕೂರುತ್ತಿದ್ದರು. ಒಬ್ಬರೂ ದನಿ ತೆಗೆದು ಅಳಲಿಲ್ಲ. ರತ್ನ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲಾಡುತ್ತಿದ್ದಳು. ಮಾತುಗಳೆಲ್ಲ ಕಿವಿಯಿಂದ ಕಿವಿಗೆ. ಅಷ್ಟು ಜನ ಸೇರಿದ್ದ ಅಂಗಳದಲ್ಲಿ ಕೊಟ್ಟಿಗೆಯ ದನ ಬಾಲ ಬೀಸುವುದು ಕೇಳುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ಹೊರಟಿದ್ದ ಗೌಡರು ಇದನ್ನು ನೋಡಿ ನಿಂತರು.

'ಅಳ್ರವ್ವ' ಎಂದರು. 'ಜೋರಾಗೇ ಅಳ್ರಿ. ನಾನು ಕಟ್ಟಿದ್ ಮನೆ, ನಂಗೊತ್ತು. ಇಲ್ಲಿಂದ ಹುಳುಮನೆಗೆ ಕೇಳಾಕಿಲ್ಲ.'

ಯಾರೂ ಅಳಲಿಲ್ಲ. ಅವರಿಗೆ ದನಿ ಎತ್ತಲು ಬರಲಿಲ್ಲ.

ಚೌಕಾಸಿ ಮಾಡಿ ನಾನು ಕೊಂಡ ಅಷ್ಟು ದೂರ ನನ್ನ ಮುಂದೆ ಹಸಿರಾಗಿ ಹರಡಿಕೊಂಡಿತ್ತು. ಗೌಡರು ಸಾಲುಗಳನ್ನು ದಾಟಿ ಹುಳುಮನೆ ತಲುಪಿ, ಚಪ್ಪಲಿ ಬಿಟ್ಟು, ಜಗಲಿಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಇನ್ನೇನು ಹುಳ ಉಣ್ಣಲು ಶುರು ಮಾಡುತ್ತವೆ ಅಂದುಕೊಂಡೆ. ಅಕ್ಕನ ಕಾಲ ಬಳಿ ಕೂತೆ. ಇಡೀ ಮಾರುಕಟ್ಟೆಗೆ ಕೇಳುವ ನನ್ನ ಗಂಟಲು ಬಿಚ್ಚಿ ಒಮ್ಮೆ ಕೂಗಬೇಕೆಂದು ಬಾಯಿ ತೆರೆದೆ.

'ಅಕ್ಕ' ಎಂದೆ. ಪಕ್ಕದಲ್ಲಿ ಕೂತಿದ್ದ ಶಿವಣ್ಣ ನನ್ನ ಕಡೆ ಬಗ್ಗಿ, 'ಏನಂದ್ರಿ ಮಾವ?' ಎಂದು ಕಿವಿ ಕೊಟ್ಟ.